ಲಗ್ನಪತ್ರಿಕೆಯಲ್ಲಿ ಅಪ್ಪನ ಕೆಲಸ

ತಂದೆಯವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರೆಂದು ಲಗ್ನಪತ್ರಿಕೆಯಲ್ಲಿ ಹಾಕಿಸಲು ಬೀಗರು ಹಿಂಜರಿಯುತ್ತಿದ್ದಾರೆ, ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನಗೂ ಗೊಂದಲವಾಗಿದೆ ಎಂದು ಬರೆದಿದ್ದೀರಿ. ಹಾಕಿಸಿ. 12ನೇ ಶತಮಾನದ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಇವರ ಕಸುಬು ಹೆಸರಿಗಿಂತ ಮೊದಲೇ ಬರುತ್ತದೆ. ಆ ಶರಣರಿಗೆ ಕೈಮುಗಿಯುವ ಊರಿನಲ್ಲಿ ಫಿಟ್ಟರ್ ಎಂಬ ಪದ ಮುಚ್ಚಿಡುವಂಥದ್ದಲ್ಲ. ಸದರ್ನ್ ಮರಾಠಾ ರೈಲ್ವೆ 19ನೇ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ಕಾರ್ಖಾನೆ ತೆರೆದ ಮೇಲೆ ಹುಬ್ಬಳ್ಳಿ ಬೆಳೆದದ್ದೇ ಇಂಥ ಕೈಗಳಿಂದ.

ಆದರೆ ಈ ಹೆಮ್ಮೆ ‘ಬಡತನದಿಂದ ಒಬ್ಬಳೇ ಎದ್ದು ಬಂದೆ’ ಎಂಬ ಕಥೆಯಾಗದಿರಲಿ. ಕಾಯಂ ನೌಕರಿ, ತಿಂಗಳಿಗೆ ತಪ್ಪದ ಪಗಾರ, ರೈಲ್ವೆ ಕ್ವಾರ್ಟರ್ಸ್, ರೈಲ್ವೆ ಆಸ್ಪತ್ರೆ ಇವೆಲ್ಲ ನಿಮ್ಮ ಓದಿಗೆ ಆಸರೆಯಾದವು. ಕಾಯಿಲೆ ಬಂದರೂ ಸಾಲಕ್ಕೆ ಬೀಳದ ಮನೆಯಲ್ಲಿ ಮಗಳ ಫೀಸಿನ ದುಡ್ಡು ಉಳಿಯುತ್ತದೆ. ಅಂಥದೇ ಕೆಲಸವನ್ನು ಇಂದು ಗುತ್ತಿಗೆಯ ಮೇಲೆ ಮಾಡುವವನ ಮಗಳಿಗೆ, ನಿಮ್ಮಷ್ಟೇ ಜಾಣೆಯಾದರೂ, ಆ ಆಸರೆಯಿಲ್ಲ. ಹೀಗೆ ಒಪ್ಪಿಕೊಂಡರೆ ನನ್ನ ಶ್ರಮ ಸಣ್ಣದಾಗುವುದಿಲ್ಲವೇ ಎಂದು ನೀವು ಕೇಳಬಹುದು. ತಾಯಿ ಅಂಬಾಬಾಯಿಯವರ ಸಂಗೀತವನ್ನೂ ಕುಂದಗೋಳದ ಗುರು ಸವಾಯಿ ಗಂಧರ್ವರನ್ನೂ ನೆನೆದರೆ ಗಂಗೂಬಾಯಿ ಹಾನಗಲ್ಲರ ಸಾಧನೆ ಕುಗ್ಗುತ್ತದೆಯೇ? ಓದಿದವರು ನೀವೇ. ಓದಲು ಬಿಡುವು ಕೊಟ್ಟದ್ದು ಆ ಪಗಾರ. ಬೀಗರೊಡನೆ ಜಗಳ ಬೇಡ. ಪತ್ರಿಕೆಯ ಕರಡನ್ನು ಮೊದಲು ತಂದೆಗೇ ತೋರಿಸಿ, ತಮ್ಮ ಕೆಲಸವನ್ನು ಹೇಗೆ ಬರೆಯಬೇಕೆಂದು ಅವರೇ ಹೇಳಲಿ.