ಮನೆಯ ಗೋಡೆ, ಊರಿನ ಕೆರೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ವಿಜಯಪುರದಲ್ಲಿ ಬೀಳುವುದು ಸುಮಾರು ೬೦೦ ಮಿಲಿಮೀಟರು ಮಾತ್ರ. ಎರಡೂ ಕನ್ನಡನಾಡಿನ ಊರುಗಳೇ. ಆದರೆ ಮಳೆಯನ್ನು ಹೊರಗಿಡುವುದು ಹೇಗೆ ಎಂಬುದು ಒಂದು ಊರಿನಲ್ಲಿ ಮನೆ ಕಟ್ಟುವವನ ಮೊದಲ ಪ್ರಶ್ನೆಯಾದರೆ, ಬಿಸಿಲನ್ನು ಹೊರಗಿಡುವುದು ಹೇಗೆ ಎಂಬುದು ಇನ್ನೊಂದು ಊರಿನವನ ಪ್ರಶ್ನೆ. ಪ್ರಶ್ನೆ ಬೇರೆಯಾದುದರಿಂದ ಉತ್ತರವೂ ಬೇರೆಯಾಯಿತು. ಮಲೆನಾಡಿನ ಮನೆಗೆ ಕಡಿದಾದ ಇಳಿಜಾರಿನ ಮಾಡೂ ಬಯಲುಸೀಮೆಯ ಮನೆಗೆ ಚಪ್ಪಟೆಯಾದ ಮಣ್ಣಿನ ಮಾಳಿಗೆಯೂ ಬಂದುದು ಹೀಗೆ.

ಇಂದು ಈ ಎರಡು ಊರುಗಳಲ್ಲಿ ಏಳುತ್ತಿರುವ ಹೊಸ ಮನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವುದು ಎಲ್ಲಿಯದೆಂದು ಹೇಳುವುದು ಕಷ್ಟ. ಎರಡರಲ್ಲಿಯೂ ಅದೇ ತೆಳುವಾದ ಗೋಡೆ, ಅದೇ ಕಾಂಕ್ರೀಟಿನ ಚಾವಣಿ. ನಿಸರ್ಗ ಕೇಳುವ ಪ್ರಶ್ನೆಯೇನೋ ಹಿಂದಿನಂತೆಯೇ ಇದೆ. ಉತ್ತರ ಹೇಳುವ ಹೊಣೆಯನ್ನು ನಾವು ಪಂಖಕ್ಕೂ ಹವಾನಿಯಂತ್ರಕ ಯಂತ್ರಕ್ಕೂ ಒಪ್ಪಿಸಿದ್ದೇವೆ. ಆ ಯಂತ್ರಗಳಿಗೆ ಬೇಕಾದ ವಿದ್ಯುತ್ತಿನ ಬಹುಭಾಗ ಕಲ್ಲಿದ್ದಲನ್ನು ಸುಟ್ಟು ಬರುವಂಥದು. ಆದುದರಿಂದ, ಹಿಂದಿನವರು ಯಂತ್ರದ ನೆರವಿಲ್ಲದೆ ಕೊಟ್ಟ ಉತ್ತರಗಳಲ್ಲಿ ಅಡಗಿರುವ ವಿಜ್ಞಾನವೇನೆಂಬುದನ್ನು ವಿಚಾರಮಾಡುವುದು ಕೇವಲ ಕುತೂಹಲದ ವಿಷಯವಲ್ಲ.

ಶಾಖವನ್ನು ತಡಮಾಡಿಸುವ ಗೋಡೆ

ಬಯಲುಸೀಮೆಯ ಹಳೆಯ ಮನೆಗಳ ಗೋಡೆ ಒಂದೂವರೆ ಅಡಿಗೆ ಕಡಿಮೆಯಿರುವುದು ಅಪರೂಪ. ಭಾರವನ್ನು ಹೊರುವುದಕ್ಕೆ ಅಷ್ಟು ದಪ್ಪ ಬೇಕಾಗಿಲ್ಲ. ಹಾಗಾದರೆ ಅದರಿಂದ ಏನು ಪ್ರಯೋಜನ?

ಬಿಸಿಲಿಗೆ ಕಾದ ಗೋಡೆಯ ಹೊರಮೈಯಿಂದ ಶಾಖವು ಪದರ ಪದರವಾಗಿ ಒಳಕ್ಕೆ ಸಾಗುತ್ತದೆ. ಒಂದೊಂದು ಪದರವೂ ಮೊದಲು ತಾನು ಕಾಯ್ದು, ಅನಂತರವೇ ಮುಂದಿನ ಪದರಕ್ಕೆ ಶಾಖವನ್ನು ದಾಟಿಸಬೇಕು. ಆದುದರಿಂದ ಶಾಖದ ಅಲೆ ಒಳಮೈಯನ್ನು ಮುಟ್ಟಲು ಕಾಲ ಹಿಡಿಯುತ್ತದೆ. ದಾರಿಯಲ್ಲಿ ಅದರ ಬಲವೂ ಕುಂದುತ್ತದೆ. ಲೆಕ್ಕಮಾಡಿ ನೋಡಿದರೆ, ೩೦ ಸೆಂಟಿಮೀಟರು ದಪ್ಪದ ಮಣ್ಣಿನ ಗೋಡೆಯನ್ನು ದಾಟಲು ಈ ಅಲೆಗೆ ಸುಮಾರು ೧೦ ಗಂಟೆಗಳು ಬೇಕು. ೪೫ ಸೆಂಟಿಮೀಟರಿನ ಗೋಡೆಗೆ ಸುಮಾರು ೧೫ ಗಂಟೆಗಳು. ಆದರೆ ೧೦ ಸೆಂಟಿಮೀಟರು ದಪ್ಪದ ಕಾಂಕ್ರೀಟಿನ ಚಾವಣಿಯನ್ನು ಅದು ಮೂರು ಗಂಟೆಯೊಳಗಾಗಿ ದಾಟಿಬಿಡುತ್ತದೆ.

ಇದರ ಪರಿಣಾಮವನ್ನು ಊಹಿಸುವುದು ಸುಲಭ. ಮಧ್ಯಾಹ್ನ ಎರಡು ಗಂಟೆಗೆ ಕಾಂಕ್ರೀಟಿನ ಮೇಲೆ ಬಿದ್ದ ಶಾಖ ಸಂಜೆ ಐದರ ಸುಮಾರಿಗೆ ಕೋಣೆಯೊಳಗಿನವರ ನೆತ್ತಿಯ ಮೇಲೆ ಸುರಿಯುತ್ತದೆ. ಮಣ್ಣಿನ ಗೋಡೆಯಲ್ಲಾದರೋ ಅದೇ ಶಾಖ ಒಳಗೆ ತಲಪುವ ವೇಳೆಗೆ ರಾತ್ರಿ ಕಳೆದಿರುತ್ತದೆ, ಹೊರಗಿನ ಗಾಳಿ ತಂಪಾಗಿರುತ್ತದೆ. ಬೇಸಿಗೆಯಲ್ಲಿ ಹಗಲೆಲ್ಲ ಮನೆಯೊಳಗಿದ್ದು ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುವ ಉತ್ತರ ಕರ್ನಾಟಕದ ರೂಢಿ ಈ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ವಾಚಕರು ಗಮನಿಸಬೇಕು. ಗೋಡೆ ಶಾಖವನ್ನು ಒಳಗೆ ಬಿಡುವ ಹೊತ್ತಿಗೆ ಮನೆಯವರು ಹೊರಗಿರುತ್ತಾರೆ! ಕಟ್ಟಡವೂ ಜೀವನಕ್ರಮವೂ ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಮಾಳಿಗೆಯ ಮೇಲೆ ಹರಡುವ ಮಣ್ಣಿನಲ್ಲಿಯೂ ಒಂದು ಜಾಣ್ಮೆಯಿದೆ. ತೊಲೆ, ಜಂತೆಗಳ ಮೇಲೆ ಮಣ್ಣನ್ನು ಹೊದಿಸಿ, ಎಲ್ಲಕ್ಕಿಂತ ಮೇಲೆ ಸವಳು ಮಣ್ಣನ್ನು ಹಾಕುವುದು ರೂಢಿ. ಸವಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಅದರಿಂದಾಗಿ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಚದರಿ, ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಕ್ಕೆ ಇಳಿಯುವುದಿಲ್ಲ. ಬೆಳೆಗೆ ಮಾರಕವಾದ ಗುಣವೇ ಮಾಳಿಗೆಗೆ ರಕ್ಷೆಯಾಯಿತು. ಹೊಲದಲ್ಲಿ ಬೇಡವಾದುದನ್ನು ಮನೆಯ ಮೇಲೆ ಉಪಯೋಗಿಸಿದ ರೈತನಿಗೆ ಸೋಡಿಯಮಿನ ಹೆಸರು ತಿಳಿದಿರಲಿಲ್ಲ. ಅದರ ಕೆಲಸ ತಿಳಿದಿತ್ತು.

ತೊಟ್ಟಿಯ ಮನೆ

ಹಳೆಯ ಮೈಸೂರು ಸೀಮೆಯ ತೊಟ್ಟಿಯ ಮನೆಯಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತಲೂ ಕಂಬಗಳ ಪಡಸಾಲೆ, ಪಡಸಾಲೆಯ ಹಿಂದೆ ಕೋಣೆಗಳು. ರಾತ್ರಿ ಆಕಾಶ ನಿರ್ಮಲವಾಗಿರುವಾಗ ಅಂಗಳದ ನೆಲವೂ ಸುತ್ತಲಿನ ಮಾಡೂ ತಮ್ಮ ಶಾಖವನ್ನು ವಿಕಿರಣದ ಮೂಲಕ ಆಕಾಶಕ್ಕೆ ಚೆಲ್ಲಿ ತಂಪಾಗುತ್ತವೆ. ಅವುಗಳನ್ನು ಸೋಂಕಿದ ಗಾಳಿ ತಂಪಾಗಿ, ಸಾಂದ್ರವಾಗಿ, ತೊಟ್ಟಿಯೊಳಕ್ಕೆ ಇಳಿದು ಕೋಣೆಗಳನ್ನು ಸೇರುತ್ತದೆ. ಹಗಲಿನಲ್ಲಿ ಬಿಸಿಯಾದ ಗಾಳಿ ಹಗುರವಾಗಿ ತೊಟ್ಟಿಯಿಂದ ಮೇಲೇರಿದಾಗ, ಅದರ ಸ್ಥಾನಕ್ಕೆ ಕಿಟಕಿ ಬಾಗಿಲುಗಳಿಂದ ಬೇರೆ ಗಾಳಿ ಬರುತ್ತದೆ. ಸಂವಹನವೆಂದು ಪಠ್ಯಪುಸ್ತಕದಲ್ಲಿ ಓದುವ ಕ್ರಿಯೆಯೇ ಇದು.

ತೊಟ್ಟಿಯು ಬೆಳಕಿನ ಆಕರವೂ ಹೌದು. ಮಳೆಯಲ್ಲಿ ನಾಲ್ಕು ಕಡೆಯ ಮಾಡಿನ ನೀರೂ ಅಲ್ಲಿಗೆ ಬೀಳುವುದರಿಂದ ಹಂಡೆ ಕೊಪ್ಪರಿಗೆಗಳನ್ನಿಟ್ಟು ಅದನ್ನು ಹಿಡಿಯಬಹುದಾಗಿತ್ತು. ಹಪ್ಪಳ ಸಂಡಿಗೆ ಒಣಗಿಸುವುದಕ್ಕೂ ಮದುವೆ ಮುಂಜಿಗಳಿಗೂ ಅದೇ ಸ್ಥಳ. ಒಂದೇ ರಚನೆಯಿಂದ ಹಲವು ಪ್ರಯೋಜನಗಳನ್ನು ಪಡೆಯುವುದು ಪರಂಪರೆಯ ಮನೆಗಳ ಸಾಮಾನ್ಯ ಲಕ್ಷಣ.

ಗಾಳಿಗೆ ದಾರಿ ಬಿಡುವ ಮಾಡು

ದಪ್ಪ ಗೋಡೆ ಎಲ್ಲ ಕಡೆಗೂ ಮದ್ದಲ್ಲ. ಮಂಗಳೂರಿನಲ್ಲಿ ಹಗಲು ರಾತ್ರಿಗಳ ಉಷ್ಣತೆಯಲ್ಲಿ ಅಂತರ ಕಡಿಮೆ. ಗಾಳಿಯಲ್ಲಿ ತೇವಾಂಶ ಹೆಚ್ಚು. ಶಾಖವನ್ನು ರಾತ್ರಿಯವರೆಗೆ ತಡೆದಿಟ್ಟರೆ ಅಲ್ಲಿ ಲಾಭವಿಲ್ಲ, ಏಕೆಂದರೆ ರಾತ್ರಿಯೂ ಸೆಕೆಯೇ. ಬೆವರು ಆರಿದರೆ ಮಾತ್ರ ದೇಹಕ್ಕೆ ಹಿತ; ಬೆವರು ಆರಬೇಕಾದರೆ ಗಾಳಿ ಆಡಬೇಕು. ಅದರಿಂದಲೇ ಕರಾವಳಿಯ ಮನೆಗೆ ಎತ್ತರದ ಮಾಡು, ಮುಂದಕ್ಕೆ ಚಾಚಿದ ಸೂರು, ಅದರ ನೆರಳಿನಲ್ಲಿ ಜಗಲಿ.

ಕರಾವಳಿಯ ಹೆಗ್ಗುರುತಾದ ಮಂಗಳೂರು ಹಂಚಿನ ಇತಿಹಾಸವೂ ಬೋಧಪ್ರದವಾಗಿದೆ. ಇದರ ಮೊದಲ ಕಾರ್ಖಾನೆಯನ್ನು ೧೮೬೫ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದವರು ಬಾಸೆಲ್ ಮಿಷನ್ನಿನವರು. ಅದರ ಹೊಣೆ ಹೊತ್ತಿದ್ದವರು ಜಾರ್ಜ್ ಪ್ಲೆಬ್‌ಸ್ಟ್. ಒಂದರೊಡನೊಂದು ಕೊಂಡಿಯಂತೆ ಕೂಡುವ ಈ ಹಂಚು ಬಿರುಮಳೆಯನ್ನು ತಡೆಯುತ್ತದೆ. ಕೂಡಿಕೆಗಳ ಸಂದಿನಲ್ಲಿ ಬಿಸಿಗಾಳಿಯನ್ನು ಹೊರಕ್ಕೆ ಬಿಡುತ್ತದೆ. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಅದಕ್ಕೆ ಒದಗಿತು. ಹೊರಗಿನಿಂದ ಬಂದ ತಂತ್ರವಾದರೂ ಇಲ್ಲಿನ ಮಣ್ಣಿಗೂ ಮಳೆಗೂ ಹೊಂದಿದ್ದರಿಂದ ಅದು ನಮ್ಮದೇ ಆಯಿತು. ಪರಂಪರೆಯು ಬೆಳೆಯುವುದು ಹೀಗೆಯೇ.

ಗೋಡೆಗೆ ಅಲ್ಲಿ ಒದಗಿದ್ದು ಜಂಬಿಟ್ಟಿಗೆ. ಕಬ್ಬಿಣದ ಆಕ್ಸೈಡಿನಿಂದ ಕೂಡಿದ ಈ ಕೆಂಪು ಶಿಲೆಯನ್ನು ನೆಲದಿಂದ ತೆಗೆಯುವಾಗ ಸುಲಭವಾಗಿ ಕತ್ತರಿಸಬಹುದು. ಗಾಳಿಗೆ ಒಡ್ಡಿದ ಮೇಲೆ ಅದು ಗಟ್ಟಿಯಾಗುತ್ತದೆ. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕನನ್ ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಇಟ್ಟಿಗೆಯೆಂದೇ ಅರ್ಥ. ಕನ್ನಡದ ಹೆಸರಿನಲ್ಲಿಯೂ ಇಟ್ಟಿಗೆ ಇರುವುದು ಸ್ವಾರಸ್ಯವಾಗಿದೆ.

ಸೂರ್ಯನ ದಾರಿ

ಮನೆ ಯಾವ ದಿಕ್ಕಿಗೆ ಮುಖಮಾಡಬೇಕೆಂಬುದರ ಬಗ್ಗೆ ಶಾಸ್ತ್ರದ ಹೆಸರಿನಲ್ಲಿ ಬಹಳ ಚರ್ಚೆ ನಡೆಯುವುದುಂಟು. ಖಗೋಳವಿಜ್ಞಾನದಿಂದ ಇದನ್ನು ನೇರವಾಗಿ ಪರೀಕ್ಷಿಸಬಹುದು. ಬೆಂಗಳೂರು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ೨೧ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯನು ದಕ್ಷಿಣದ ದಿಗಂತದಿಂದ ಸುಮಾರು ೫೩.೫ ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ೬೦ ಸೆಂಟಿಮೀಟರು ಚಾಚಿದ ಸೂರು ತನ್ನ ಕೆಳಗಿನ ಗೋಡೆಯ ಮೇಲೆ ಸುಮಾರು ೮೧ ಸೆಂಟಿಮೀಟರು ನೆರಳನ್ನು ಚೆಲ್ಲುತ್ತದೆ. ತ್ರಿಕೋಣಮಿತಿಯನ್ನು ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಮಾಡಿ ನೋಡಬಹುದು. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುವುದರಿಂದ ಚಾವಣಿಗೆ ಬೀಳುವ ಪೆಟ್ಟು ಉಗ್ರವಾಗುತ್ತದೆ.

ಪೂರ್ವ ಪಶ್ಚಿಮದ ಗೋಡೆಗಳ ಮಾತು ಬೇರೆ. ಬೆಳಗ್ಗೆ ಸಂಜೆಗಳಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ಸೂರಿನ ನೆರಳು ಸಾಲದು. ಆದುದರಿಂದ ಉದ್ದವಾದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ, ಗಿಡ್ಡ ಗೋಡೆಗಳು ಪೂರ್ವಕ್ಕೂ ಪಶ್ಚಿಮಕ್ಕೂ ಬರುವಂತೆ ಕಟ್ಟಿ, ಪಶ್ಚಿಮದಲ್ಲಿ ಒಂದು ಹೊಂಗೆಯನ್ನೋ ಬೇವನ್ನೋ ಬೆಳೆಸುವುದು ಒಳ್ಳೆಯದು. ಇದಕ್ಕೆ ಹೆಚ್ಚು ಖರ್ಚಿಲ್ಲ. ತಳಪಾಯ ಹಾಕುವುದಕ್ಕೆ ಮೊದಲು ಒಂದು ದಿನದ ಯೋಚನೆ ಸಾಕು.

ಊರು ಮತ್ತು ನೀರು

ಮನೆಗೆ ಹೇಗೋ ಊರಿಗೂ ಹಾಗೆಯೇ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ದಿಬ್ಬದ ಮೇಲಿರುವ ಬೆಂಗಳೂರಿಗೆ ಸದಾ ಹರಿಯುವ ದೊಡ್ಡ ನದಿಯಿಲ್ಲ. ಮಳೆಯ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಎಂಬ ಮೂರು ಕಣಿವೆಗಳಿಗೆ ಇಳಿದುಹೋಗುತ್ತದೆ. ಈ ನೆಲದಲ್ಲಿ ಬಾಳಬೇಕಾದರೆ ಓಡುವ ನೀರನ್ನು ಅಲ್ಲಲ್ಲಿ ನಿಲ್ಲಿಸಬೇಕು. ಹಿಂದಿನವರು ಕಣಿವೆಗಳ ಉದ್ದಕ್ಕೂ ಏರಿ ಕಟ್ಟಿ ಕೆರೆಗಳ ಸರಪಣಿಯನ್ನೇ ನಿರ್ಮಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತಿತ್ತು. ತೂಬನ್ನು ನೋಡಿಕೊಳ್ಳಲು ನೀರುಗಂಟಿ. ಹೂಳನ್ನು ತೆಗೆದು ಹೊಲಕ್ಕೆ ಹಾಕಲು ಊರಿನವರು. ಕೆರೆಗಳ ರಕ್ಷಣೆಗೆ ಭೂಮಿಯನ್ನೂ ಆದಾಯವನ್ನೂ ಬಿಟ್ಟುಕೊಡುತ್ತಿದ್ದುದಕ್ಕೆ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ದಶವಂದ ಎಂಬ ಮಾತುಗಳು ಸಾಕ್ಷಿಯಾಗಿವೆ.

ನಗರವು ಬೆಳೆದಂತೆ ಈ ಸರಪಣಿ ತುಂಡಾಯಿತು. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯ ಹೆಸರು ಹೋಗಬಹುದು, ಕಣಿವೆಯ ಇಳಿಜಾರು ಹೋಗುವುದಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ನೆರೆಯಲ್ಲಿ ಮುಳುಗಿದುವು. ೨೦೨೪ರ ಬೇಸಿಗೆಯಲ್ಲಿ ಅದೇ ನಗರದ ಅನೇಕ ಭಾಗಗಳು ಕುಡಿಯುವ ನೀರಿಗೆ ಟ್ಯಾಂಕರುಗಳ ದಾರಿ ಕಾಯಬೇಕಾಯಿತು. ಈ ಎರಡು ಸಂಕಟಗಳಿಗೂ ಒಂದು ಸಮಾನ ಕಾರಣವಿದೆ: ಬಿದ್ದ ಮಳೆ ನಿಲ್ಲಲು ಸ್ಥಳವಿಲ್ಲ, ಇಂಗಲು ಬರಿಯ ನೆಲವಿಲ್ಲ.

ಕಾವೇರಿಯ ನೀರನ್ನು ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ ಏರಿಸಿ ಬೆಂಗಳೂರಿಗೆ ತರಲಾಗುತ್ತಿದೆ. ಒಂದು ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪಿನ ನಷ್ಟವನ್ನು ಬಿಟ್ಟರೂ, ೪೯ ಲಕ್ಷ ಜೂಲುಗಳ ಶಕ್ತಿ, ಎಂದರೆ ಸುಮಾರು ೧.೩೬ ಯೂನಿಟ್ಟು ವಿದ್ಯುತ್ತು ಬೇಕು. ಇತ್ತ ಬೆಂಗಳೂರಿನಲ್ಲಿ ವರ್ಷಕ್ಕೆ ೯೦೦ ಮಿಲಿಮೀಟರಿನಷ್ಟು ಮಳೆಯೆಂದು ಹಿಡಿದರೂ, ೧೦೦ ಚದರ ಮೀಟರಿನ ಒಂದು ಚಾವಣಿಯ ಮೇಲೆ ೯೦,೦೦೦ ಲೀಟರು ನೀರು ಬೀಳುತ್ತದೆ. ಅದರಲ್ಲಿ ನೂರಕ್ಕೆ ೮೦ ಪಾಲನ್ನು ಹಿಡಿದಿಟ್ಟರೆ ೭೨,೦೦೦ ಲೀಟರು. ತಲೆಗೆ ದಿನಕ್ಕೆ ೧೩೫ ಲೀಟರಿನಂತೆ ನಾಲ್ಕು ಜನರ ಸಂಸಾರಕ್ಕೆ ಇದು ನಾಲ್ಕು ತಿಂಗಳಿಗೂ ಮೀರಿ ಸಾಕಾಗುತ್ತದೆ. ಮಳೆನೀರಿನ ಸಂಗ್ರಹವನ್ನು ಬೆಂಗಳೂರಿನಲ್ಲಿ ೨೦೦೯ರಲ್ಲಿ ಕಾನೂನಿನ ಮೂಲಕ ಕಡ್ಡಾಯಗೊಳಿಸಿದುದರ ಹಿಂದಿರುವ ಲೆಕ್ಕ ಇಂಥದೇ.

ಕೆರೆಯಿಂದ ಇನ್ನೊಂದು ಉಪಕಾರವೂ ಉಂಟು. ಒಂದು ಲೀಟರು ನೀರು ಆವಿಯಾಗುವಾಗ ಸುಮಾರು ೨೪ ಲಕ್ಷ ಜೂಲುಗಳ ಶಾಖವನ್ನು ಗುಪ್ತೋಷ್ಣದ ರೂಪದಲ್ಲಿ ಹೀರಿಕೊಳ್ಳುತ್ತದೆ. ಕೆರೆಯೂ ಮರಗಳೂ ಹಗಲೆಲ್ಲ ಈ ಕೆಲಸವನ್ನು ಮಾಡುತ್ತಲೇ ಇರುತ್ತವೆ. ಡಾಂಬರು ರಸ್ತೆಯಿಂದ ಆ ಕೆಲಸ ಆಗದು.

ಹಳೆಯದೆಲ್ಲವೂ ಹೊನ್ನಲ್ಲ

ಇಷ್ಟನ್ನು ಓದಿ, ಹಿಂದಿನವರು ಕಟ್ಟಿದುದೆಲ್ಲವೂ ಸರಿಯೆಂದು ಯಾರೂ ಭಾವಿಸಬಾರದು. ಹಳೆಯ ಅಡುಗೆಮನೆಗಳ ಹೊಗೆ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿತು. ಅನೇಕ ಕೋಣೆಗಳಿಗೆ ಬೆಳಕು ಕಾಣದು. ಇದಕ್ಕಿಂತ ಘೋರವಾದ ಪಾಠವೊಂದು ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ, ನಮ್ಮ ಗಡಿಗೆ ಸಮೀಪದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ದೊರೆಯಿತು. ಅಂದಿನ ಭೂಕಂಪದಲ್ಲಿ ಸಾವಿರಾರು ಜನ ಸತ್ತುದು ಅವರ ಮನೆಗಳ ಕೆಳಗೇ. ಗುಂಡುಕಲ್ಲುಗಳನ್ನು ಕೆಸರಿನಲ್ಲಿ ಪೇರಿಸಿದ ದಪ್ಪ ಗೋಡೆ, ಅದರ ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಬಿಸಿಲಿನಿಂದ ಕಾಪಾಡಿದ್ದ ರಚನೆಯೇ ನೆಲ ನಡುಗಿದಾಗ ಮೈಮೇಲೆ ಬಿದ್ದಿತು.

ದಪ್ಪ ಗೋಡೆಯನ್ನೇ ತ್ಯಜಿಸಬೇಕೆಂದು ಇದರಿಂದ ಅರ್ಥವಾಗುವುದಿಲ್ಲ. ಗೋಡೆಯ ಎರಡು ಮೈಗಳನ್ನೂ ಬಂಧಿಸುವ ಉದ್ದನೆಯ ಅಡ್ಡಗಲ್ಲುಗಳನ್ನಿಟ್ಟು, ಬಾಗಿಲು ಕಿಟಕಿಗಳ ಮೇಲ್ಭಾಗದಲ್ಲಿ ಮನೆಯ ಸುತ್ತಲೂ ಉಕ್ಕಿನ ಸಲಾಕೆಯಿರುವ ಕಾಂಕ್ರೀಟಿನ ಪಟ್ಟಿಯನ್ನು ಸುತ್ತಿ, ಮಾಳಿಗೆಯ ಭಾರವನ್ನು ಇಳಿಸಿದರೆ ಇಂಥ ಮನೆ ಎಷ್ಟೋ ಭದ್ರವಾಗುತ್ತದೆ. ಹಳೆಯ ತತ್ತ್ವಕ್ಕೆ ಹೊಸ ತಿಳಿವಳಿಕೆ ಸೇರಬೇಕು.

ಆ ಕೆಲಸ ನಡೆದೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಆಸ್ಟ್ರಾ ವಿಭಾಗದವರು ಮಣ್ಣಿಗೆ ಅಲ್ಪಪ್ರಮಾಣದ ಸಿಮೆಂಟನ್ನು ಬೆರಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆಗಳನ್ನು ಮಾಡುವ ವಿಧಾನವನ್ನು ಬೆಳೆಸಿದರು. ಕೇರಳದಲ್ಲಿ ನೆಲಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (೧೯೧೭–೨೦೦೭) ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಪ್ರಚಾರಪಡಿಸಿದರು. ಅದರಿಂದ ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿಯುತ್ತದೆ. ಪೊಳ್ಳಿನ ಗಾಳಿಯು ಶಾಖವನ್ನು ತಡೆಯುತ್ತದೆ. ಇವರು ಅಜ್ಜನ ಕಾಲದ ಮನೆಯ ಪ್ರತಿಯನ್ನು ತೆಗೆಯಲಿಲ್ಲ. ಅಜ್ಜ ಕೇಳಿಕೊಂಡ ಪ್ರಶ್ನೆಗಳನ್ನೇ ಮತ್ತೆ ಕೇಳಿಕೊಂಡರು. ಇಲ್ಲಿ ಮಳೆ ಎಷ್ಟು? ಬಿಸಿಲು ಯಾವ ಕಡೆಯಿಂದ? ಗಾಳಿ ಎತ್ತಣಿಂದ? ನೀರು ಎತ್ತ ಹರಿಯುತ್ತದೆ? ಕೈಗೆಟಕುವ ಮಣ್ಣು ಕಲ್ಲು ಯಾವುವು?

ವಿದ್ಯಾರ್ಥಿಗಳು ಈ ಐದು ಪ್ರಶ್ನೆಗಳನ್ನು ಹಿಡಿದುಕೊಂಡು ತಮ್ಮ ಊರಿನ ಅತ್ಯಂತ ಹಳೆಯ ಮನೆಯೊಂದನ್ನೂ ಹೊಸ ಮನೆಯೊಂದನ್ನೂ ನೋಡಿಬರಲಿ. ಒಂದು ಉಷ್ಣಮಾಪಕವನ್ನು ಕೊಂಡೊಯ್ದು, ಬೇಸಿಗೆಯ ಒಂದು ದಿನ ಎರಡು ಮನೆಗಳೊಳಗೂ ಎರಡೆರಡು ಗಂಟೆಗೊಮ್ಮೆ ಉಷ್ಣತೆಯನ್ನು ಗುರುತುಹಾಕಿಕೊಂಡು ನಕ್ಷೆ ಬರೆಯಲಿ. ಮುಂದೆ ಮನೆಗಳನ್ನೂ ಊರುಗಳನ್ನೂ ಕಟ್ಟಬೇಕಾದವರು ಅವರೇ ಆದುದರಿಂದ ಆ ನಕ್ಷೆ ಅವರಿಗೆ ಉಪಯೋಗಕ್ಕೆ ಬರುವುದರಲ್ಲಿ ಸಂದೇಹವಿಲ್ಲ.