ಹಳೆಯ ಗಣಕಯಂತ್ರ: ಸಂಪನ್ಮೂಲದ ಹಿತಮಿತ ಬಳಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ರೈತರ ಮನೆಯಲ್ಲಾಗಲಿ, ಸಂಘದಲ್ಲಾಗಲಿ ವಿಂಡೋಸ್ ೯೮ ಇರುವ ಗಣಕಯಂತ್ರವಿದ್ದರೆ ಮಳೆ ದಾಖಲೆ, ಬೀಜ-ಗೊಬ್ಬರದ ಲೆಕ್ಕ ಬರೆಯಲು ಅದನ್ನು ಈಗಲೂ ಬಳಸಬಹುದು. ಆದರೆ ನಾಲ್ಕಾರು ಕೆಲಸಗಳನ್ನು ಒಟ್ಟಿಗೆ ತೆರೆದರೆ ಯಂತ್ರ ಸ್ತಬ್ಧವಾಗಿ, ಉಳಿಸದ ಲೆಕ್ಕ ಹಾಳಾಗುವುದುಂಟು.

ಕಾರಣ: ಹೆಚ್ಚು ಮೆಮೊರಿ ಹಾಕಿಸಿದರೂ ಈ ತೊಂದರೆ ತಪ್ಪುವುದಿಲ್ಲ. ಪರದೆಯ ಮೇಲಿನ ಕಿಟಕಿ, ಗುಂಡಿ, ಚಿತ್ರಗಳ ವಿವರ ಇಡಲು ಈ ವ್ಯವಸ್ಥೆಯಲ್ಲಿ ಪ್ರತ್ಯೇಕ ಜಾಗಗಳಿವೆ. ಅವುಗಳಲ್ಲಿ ಕೆಲವು ಕೇವಲ ೬೪ ಕಿಲೋಬೈಟಿನವು. ತುಂಗಭದ್ರಾ ಜಲಾಶಯ ತುಂಬಿದ್ದರೂ ಕಾಲುವೆಯ ತೂಬು ಕಿರಿದಾಗಿದ್ದರೆ ಹೊಲಕ್ಕೆ ಹೆಚ್ಚು ನೀರು ಬಾರದು. ಇದೂ ಹಾಗೆಯೇ.

ಅನುಸರಿಸಬೇಕಾದ ಕ್ರಮಗಳು:

೧. ‘ಮೈ ಕಂಪ್ಯೂಟರ್’ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಪರ್ಫಾರ್ಮೆನ್ಸ್’ ನೋಡಬೇಕು. ಉಳಿದಿರುವ ಸಂಪನ್ಮೂಲ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಅದು ಶೇ. ೩೦ಕ್ಕೆ ಇಳಿಯುವ ಮೊದಲೇ ಬೇಡದ ಕೆಲಸಗಳನ್ನು ಮುಚ್ಚಬೇಕು.

೨. ಯಂತ್ರದೊಡನೆ ತಾವಾಗಿ ಆರಂಭವಾಗುವ ಕಾರ್ಯಕ್ರಮಗಳು ಹೊಲದ ಕಳೆಯಂತೆ. ‘ರನ್’ನಲ್ಲಿ ‘ಎಂಎಸ್‌ಕಾನ್ಫಿಗ್’ ತೆರೆದು, ‘ಸ್ಟಾರ್ಟ್‌ಅಪ್’ ಪಟ್ಟಿಯಲ್ಲಿ ಬೇಡದವುಗಳ ಗುರುತು ತೆಗೆಯಬೇಕು. ಏನೆಂದು ತಿಳಿಯದುದನ್ನು ಮುಟ್ಟಬಾರದು.

೩. ಕೆಲವು ಕಾರ್ಯಕ್ರಮಗಳು ಮುಚ್ಚಿದ ಮೇಲೂ ಹಿಡಿದ ಜಾಗವನ್ನು ಪೂರ್ತಿ ಬಿಡುವುದಿಲ್ಲ. ದೊಡ್ಡ ಲೆಕ್ಕಕ್ಕೆ ಕೂರುವ ಮುನ್ನ ಯಂತ್ರವನ್ನು ಒಮ್ಮೆ ಆರಿಸಿ ಹೊಸದಾಗಿ ಆರಂಭಿಸಬೇಕು.

೪. ಹತ್ತು ನಿಮಿಷಕ್ಕೊಮ್ಮೆ ಲೆಕ್ಕವನ್ನು ಉಳಿಸಬೇಕು. ವಾರಕ್ಕೊಮ್ಮೆ ಅದರ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು.

ಎಚ್ಚರಿಕೆ: ವಿಂಡೋಸ್ ೯೮ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸುರಕ್ಷತಾ ತಿದ್ದುಪಡಿಗಳು ೨೦೦೬ರ ಜುಲೈ ೧೧ಕ್ಕೆ ನಿಂತಿವೆ. ಆದ್ದರಿಂದ ಇಂತಹ ಯಂತ್ರಕ್ಕೆ ಅಂತರಜಾಲ ಜೋಡಿಸಬಾರದು. ಬ್ಯಾಂಕ್ ವ್ಯವಹಾರವನ್ನು ಇದರಲ್ಲಿ ಮಾಡಲೇಬಾರದು.