ವೆಂಕಟಪ್ಪನವರ ಕಲಾಸಾಧನೆ

ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸಗಳು ಬೇಕೆಂದ ಮಮ್ಮಟನು, ಇವು ಮೂರು ಕಾರಣಗಳಲ್ಲ, ಕೂಡಿ ಒಂದೇ ಕಾರಣವೆಂದು ಸ್ಪಷ್ಟಪಡಿಸಿದ್ದಾನೆ. ಈ ಮಾತು ಚಿತ್ರಕಲೆಗೂ ಸಲ್ಲುವುದೆಂಬುದಕ್ಕೆ ಕೆ. ವೆಂಕಟಪ್ಪನವರ (1886–1965) ಜೀವನವೇ ನಿದರ್ಶನ.

ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಜನಿಸಿದ ಅವರಿಗೆ ಶಕ್ತಿಯು ವಂಶದಿಂದಲೇ ಒದಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ತೆರಳಿ, ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ನಿಪುಣತೆಯನ್ನು ಸಂಪಾದಿಸಿದರು. ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿಯವರ ಪುರಾಣಕಥಾಗ್ರಂಥಕ್ಕೆ ಚಿತ್ರ ರಚಿಸಿದವರಲ್ಲಿ ಅವರೂ ಒಬ್ಬರು.

ಅಲ್ಲಿಗೇ ನಿಂತಿದ್ದರೆ ಅವರು ಒಳ್ಳೆಯ ಶಿಷ್ಯರೆನಿಸುತ್ತಿದ್ದರು, ಅಷ್ಟೆ. ವಂಗಶೈಲಿಯು ಬಣ್ಣವನ್ನು ಬಳಿದು, ತೊಳೆದು, ಆ ಮಸುಕಿನಲ್ಲಿ ಭಾವವನ್ನು ಹೊಮ್ಮಿಸುವಂಥದು. ಅದರ ವಸ್ತು ಬಹುಮಟ್ಟಿಗೆ ಪುರಾಣೇತಿಹಾಸಗಳದು. ಮೈಸೂರಿಗೆ ಮರಳಿದ ವೆಂಕಟಪ್ಪನವರಾದರೋ ಕಣ್ಣೆದುರಿನ ಪ್ರಕೃತಿಯನ್ನೇ ಗುರುವಾಗಿ ವರಿಸಿದರು. ಉದಕಮಂಡಲ, ಕೊಡೈಕಾನಲ್ ಗಿರಿಶ್ರೇಣಿಗಳ ಮಂಜು, ಮೋಡ, ಹೊತ್ತುಹೊತ್ತಿಗೆ ಮಾರ್ಪಡುವ ಬೆಳಕು ಅವರ ಜಲವರ್ಣಗಳಲ್ಲಿ ಅತಿಸೂಕ್ಷ್ಮವಾಗಿ ಮೂಡಿದವು. ಗುರುವನ್ನು ನಿರಾಕರಿಸಲಿಲ್ಲ, ಗುರುವಿತ್ತ ಕೈಚಳಕವನ್ನು ತಮ್ಮ ಕಣ್ಣಿಗೆ ಅಧೀನಗೊಳಿಸಿದರು.

ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಇವೂ ಅದೇ ತಪಸ್ಸಿನ ಮುಖಗಳು. ಅವಿವಾಹಿತರಾಗಿಯೇ ಉಳಿದು ಬಾಳನ್ನು ಕಲೆಗೇ ಮುಡಿಪಿಟ್ಟರು. ಅವರ ಹೆಸರಿನ ಕಲಾ ಗ್ಯಾಲರಿ ಬೆಂಗಳೂರಿನಲ್ಲಿದೆ.

ಶಕ್ತಿಯನ್ನು ಯಾವ ಅಧ್ಯಾಪಕನೂ ಕೊಡಲಾರನು. ನಿಪುಣತೆಗೆ ದಾರಿ ತೋರಬಲ್ಲನು. ಆ ದಾರಿಯ ಬುತ್ತಿಯನ್ನು ದಾನಿಯು ಒದಗಿಸಬಲ್ಲನು. ಆದರೆ ಅಭ್ಯಾಸವನ್ನು ವಿದ್ಯಾರ್ಥಿಯ ಪರವಾಗಿ ಮಾಡಬಲ್ಲವರು ಯಾರೂ ಇಲ್ಲ. ತಾನು ಕಲಿಸಿದುದನ್ನು ಶಿಷ್ಯನು ಮೀರಿ ನಡೆದಾಗ ಹರ್ಷಿಸುವುದೇ ಗುರುತ್ವದ ಕೊನೆಯ ಪರೀಕ್ಷೆ.